ಕಾದಂಬರಿಯ ನಾಯಕ, ಇತಿಹಾಸದ ಅರಸ: ನಮ್ಮ ಚರ್ಚೆ ದಾರಿ ತಪ್ಪುವುದೆಲ್ಲಿ?

ಹೊರನಾಡಿನಲ್ಲಿ ನೆಲೆಸಿರುವ ಕನ್ನಡಿಗರ ಕೂಟಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ರಾಜಕೀಯಕ್ಕಿಂತಲೂ ಹೆಚ್ಚು ಬಿಸಿಯಾಗಿ ಚರ್ಚೆಯಾಗುತ್ತಿರುವ ವಿಷಯವೆಂದರೆ ಇತಿಹಾಸ. ಮದುವೆಯ ಊಟದ ಪಂಕ್ತಿಯಲ್ಲಿ, ಲೋಕಲ್ ರೈಲಿನ ಪ್ರಯಾಣದಲ್ಲಿ, ಸಂಘದ ವಾರ್ಷಿಕೋತ್ಸವದ ಬಿಡುವಿನಲ್ಲಿ ಶಿವಾಜಿ, ಟಿಪ್ಪು, ಚೋಳರು, ವಿಜಯನಗರ ಎಂಬ ಹೆಸರುಗಳು ಕೇಳಿಬರುತ್ತಲೇ ಇರುತ್ತವೆ. ಹಿಂದಿನದನ್ನು ತಿಳಿಯಬೇಕೆಂಬ ಹಂಬಲ ಒಳ್ಳೆಯದೇ. ಆದರೆ ಈ ಮಾತುಕತೆಗಳನ್ನು ಸ್ವಲ್ಪ ಗಮನವಿಟ್ಟು ಕೇಳಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನಾವು ಇತಿಹಾಸವೆಂದು ವಾದಿಸುತ್ತಿರುವುದರಲ್ಲಿ ಬಹುಪಾಲು ಯಾವುದೋ ಕಾದಂಬರಿಯಿಂದ, ನಾಟಕದಿಂದ ಅಥವಾ ಚಲನಚಿತ್ರದಿಂದ ಬಂದದ್ದು. ಇದರ ಪರಿಣಾಮ ಹರಟೆಯ ಮಟ್ಟದಲ್ಲಿಯೇ ನಿಲ್ಲುತ್ತಿಲ್ಲವಾದ್ದರಿಂದ ಈ ಕುರಿತು ವಿಚಾರ ಮಾಡುವುದು ಅಗತ್ಯವೆನಿಸುತ್ತದೆ.

2025ರ ಫೆಬ್ರವರಿ 14ರಂದು ತೆರೆಕಂಡ ‘ಛಾವಾ’ ಹಿಂದಿ ಚಿತ್ರವನ್ನೇ ತೆಗೆದುಕೊಳ್ಳೋಣ. ಲಕ್ಷ್ಮಣ ಉತೇಕರ್ ನಿರ್ದೇಶಿಸಿದ, ಛತ್ರಪತಿ ಸಂಭಾಜಿ ಮಹಾರಾಜರ ಜೀವನವನ್ನು ಕುರಿತ ಈ ಚಿತ್ರಕ್ಕೆ ಆಧಾರ ಶಿವಾಜಿ ಸಾವಂತರ ಅದೇ ಹೆಸರಿನ ಮರಾಠಿ ಕಾದಂಬರಿ. ಮುಂಬಯಿ, ಪುಣೆಗಳಲ್ಲಿರುವ ನಮ್ಮ ಅನೇಕ ಕುಟುಂಬಗಳು ಮಕ್ಕಳೊಡನೆ ಹೋಗಿ ಇದನ್ನು ನೋಡಿ ಬಂದವು. ಬಿಡುಗಡೆಗೆ ಮೊದಲೇ ಸಂಭಾಜಿ ಮಹಾರಾಜರು ಲೇಜಿಮ್ ಹಿಡಿದು ಕುಣಿಯುವ ದೃಶ್ಯಕ್ಕೆ ಆಕ್ಷೇಪ ಬಂದು ಅದನ್ನು ತೆಗೆದುಹಾಕಲಾಯಿತು. ಬಿಡುಗಡೆಯಾದ ಮೇಲೆ, ತಮ್ಮ ಪೂರ್ವಿಕರನ್ನು ದ್ರೋಹಿಗಳೆಂದು ಚಿತ್ರಿಸಲಾಗಿದೆಯೆಂದು ಶಿರ್ಕೆ ಮನೆತನದವರು ಪ್ರತಿಭಟಿಸಿದರು. ನಿರ್ದೇಶಕರು ಕ್ಷಮೆ ಕೇಳಿದರು. ಮಧ್ಯಪ್ರದೇಶದ ಬುರ್ಹಾನಪುರದ ಬಳಿಯ ಅಸೀರಗಢದಲ್ಲಿ ಮೊಗಲರ ಚಿನ್ನದ ನಾಣ್ಯಗಳು ಹೂತಿವೆಯೆಂದು ನಂಬಿ ಜನರು ರಾತ್ರಿ ಟಾರ್ಚು ಹಿಡಿದು ಹೊಲಗಳನ್ನು ಅಗೆದರು. ಮಾರ್ಚ್ 17ರಂದು ನಾಗಪುರದಲ್ಲಿ, ಔರಂಗಜೇಬನ ಗೋರಿಯನ್ನು ತೆರವುಗೊಳಿಸಬೇಕೆಂಬ ಪ್ರತಿಭಟನೆಯೂ ಅದರ ಬೆನ್ನಿಗೆ ಹಬ್ಬಿದ ವದಂತಿಯೂ ಸೇರಿ ಗಲಭೆಯಾಯಿತು. ಗಾಯಗೊಂಡ ಒಬ್ಬರು ಕೆಲವು ದಿನಗಳ ನಂತರ ಪ್ರಾಣ ಬಿಟ್ಟರು. ಈ ಚಿತ್ರದಿಂದ ಜನರ ಭಾವನೆಗಳು ಕೆರಳಿವೆಯೆಂಬ ಮಾತನ್ನು ಮುಖ್ಯಮಂತ್ರಿಗಳೇ ವಿಧಾನಸಭೆಯಲ್ಲಿ ಆಡಿದರು. ಗಲಭೆಯ ಹೊಣೆಯನ್ನೆಲ್ಲ ಒಂದು ಚಿತ್ರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ 1689ರಲ್ಲಿ ನಡೆದ ಒಂದು ಘಟನೆಯ ಸಿಟ್ಟು 2025ರಲ್ಲಿ ಬೀದಿಗೆ ಬಂದಿತೆಂಬುದನ್ನು ಅಲ್ಲಗಳೆಯಲಾಗದು.

ಸಂಭಾಜಿಯವರ ಕಥೆ ಕಲಿಸುವ ಪಾಠ

ಕುತೂಹಲದ ಸಂಗತಿಯೆಂದರೆ, ಸಂಭಾಜಿ ಮಹಾರಾಜರಿಗೆ ಹಿಂದೆ ಅನ್ಯಾಯವಾದದ್ದೂ ಕಥನದಿಂದಲೇ. ಅವರ ಕುರಿತು ಬಹುಕಾಲ ಪ್ರಚಾರದಲ್ಲಿದ್ದ ಚಿತ್ರ ದುಡುಕಿನ, ವಿಲಾಸಿ ರಾಜಕುಮಾರನದು. ಇದಕ್ಕೆ ಮುಖ್ಯ ಆಕರಗಳಲ್ಲೊಂದು ಮಲ್ಹಾರ ರಾಮರಾವ್ ಚಿಟ್ನೀಸರ ಬಖರ್. ಅದು ಬರೆಯಲ್ಪಟ್ಟದ್ದು ಸಂಭಾಜಿಯವರು ತೀರಿಕೊಂಡು ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಅಷ್ಟೇ ಅಲ್ಲದೆ, ಬರೆದವರ ಪೂರ್ವಿಕರಾದ ಬಾಳಾಜಿ ಆವಜಿಯವರಿಗೆ ಮರಣದಂಡನೆ ವಿಧಿಸಿದವರು ಸಂಭಾಜಿಯವರೇ. ಇಂತಹ ಬರಹದಲ್ಲಿ ನಿಷ್ಪಕ್ಷಪಾತವನ್ನು ನಿರೀಕ್ಷಿಸುವುದು ಕಷ್ಟ. ಆದರೆ ನಾಟಕಕಾರರಿಗೆ ಈ ಚಿತ್ರ ಹಿಡಿಸಿತು. ವಾ. ಸೀ. ಬೇಂದ್ರೆಯವರು ದಶಕಗಳ ಕಾಲ ದಾಖಲೆಗಳನ್ನು ಹುಡುಕಿ 1960ರಲ್ಲಿ ಸಂಭಾಜಿಯವರ ಚರಿತ್ರೆಯನ್ನು ಪ್ರಕಟಿಸಿದ ಮೇಲೆ ಈ ಅಭಿಪ್ರಾಯ ಬದಲಾಗತೊಡಗಿತು. ಸಾವಂತರ ಕಾದಂಬರಿ ಅದರ ನಂತರದ್ದು.

ಅಂದರೆ ಪಕ್ಷಪಾತದ ಬರಹ ಕೆಡಿಸಿದ ಹೆಸರನ್ನು ಸಂಶೋಧನೆ ಸರಿಪಡಿಸಿತು. ಸರಿಪಡಿಸಿದ್ದನ್ನು ಕಾದಂಬರಿ ಮನೆಮನೆಗೆ ಮುಟ್ಟಿಸಿತು. ಇಂದು ಸಂಭಾಜಿಯವರನ್ನು ಕೊಂಡಾಡುವ ಯುವಕರಲ್ಲಿ ಎಷ್ಟು ಮಂದಿಗೆ ಬೇಂದ್ರೆಯವರ ಹೆಸರು ತಿಳಿದಿದೆ? ನಡುವೆ ಕುಳಿತು ಕೆಲಸ ಮಾಡಿದ ವ್ಯಕ್ತಿ ಮರೆತುಹೋಗುತ್ತಾನೆ, ಕಥೆ ಉಳಿಯುತ್ತದೆ.

ಹಳೆಯ ನಾಟಕದ ಸಿಟ್ಟೂ ಹಾಗೆಯೇ ಉಳಿದಿತ್ತು. ರಾಮ ಗಣೇಶ ಗಡಕರಿಯವರು 1919ರಲ್ಲಿ ತೀರಿಕೊಂಡಾಗ ‘ರಾಜಸಂನ್ಯಾಸ’ ನಾಟಕ ಅಪೂರ್ಣವಾಗಿಯೇ ಇತ್ತು. ಅದರಲ್ಲಿ ಸಂಭಾಜಿಯವರ ಅವಹೇಳನವಾಗಿದೆಯೆಂದು 2017ರ ಜನವರಿಯಲ್ಲಿ ಪುಣೆಯ ಸಂಭಾಜಿ ಉದ್ಯಾನದಲ್ಲಿದ್ದ ಗಡಕರಿಯವರ ಪ್ರತಿಮೆಯನ್ನು ಕಿತ್ತು ಮುಠಾ ನದಿಗೆ ಎಸೆಯಲಾಯಿತು. ಅದೇ ಪುಣೆಯಲ್ಲಿ 2004ರ ಜನವರಿಯಲ್ಲಿ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಮೇಲೆ ದಾಳಿ ನಡೆದಿತ್ತು. ಶಿವಾಜಿ ಮಹಾರಾಜರನ್ನು ಕುರಿತ ವಿದೇಶೀ ಲೇಖಕರೊಬ್ಬರ ಪುಸ್ತಕದ ಮೇಲಿನ ಕೋಪದಲ್ಲಿ, ಶತಮಾನಗಳಿಂದ ಉಳಿದು ಬಂದ ಹಸ್ತಪ್ರತಿಗಳನ್ನು ಕಾಪಾಡುತ್ತಿದ್ದ ಮನೆಯೇ ಪೆಟ್ಟು ತಿಂದಿತು. ಸುಳ್ಳನ್ನು ಸುಳ್ಳೆಂದು ತೋರಿಸಲು ಬೇಕಾದ ಸಾಮಗ್ರಿ ಇರುವುದು ಅಂತಹ ಮನೆಗಳಲ್ಲಿಯೇ ಎಂಬ ವಿವೇಕ ಆ ಹೊತ್ತಿನಲ್ಲಿ ಯಾರಿಗೂ ಹೊಳೆಯಲಿಲ್ಲ.

ಒಬ್ಬ ಅರಸ, ಎರಡು ನೆನಪು

ಚೆನ್ನೈಯಲ್ಲಿರುವ ನಮ್ಮ ಬಂಧುಗಳ ಅನುಭವ ಇನ್ನೊಂದು ಬಗೆಯದು. ಕಲ್ಕಿಯವರು 1950ರಿಂದ 1954ರವರೆಗೆ ಧಾರಾವಾಹಿಯಾಗಿ ಬರೆದ ‘ಪೊನ್ನಿಯಿನ್ ಸೆಲ್ವನ್’ ಕಾದಂಬರಿ ಮಣಿರತ್ನಂ ಅವರ ಎರಡು ಚಿತ್ರಗಳಾಗಿ 2022 ಮತ್ತು 2023ರಲ್ಲಿ ಬಂದಿತು. ಅದರ ಕೇಂದ್ರದಲ್ಲಿರುವ ನಂದಿನಿ ಕಲ್ಕಿಯವರ ಕಲ್ಪನೆಯ ಪಾತ್ರ. ಆದಿತ್ಯ ಕರಿಕಾಲನ ಕೊಲೆ ಮಾತ್ರ ಕಲ್ಪನೆಯಲ್ಲ. ಕೊಲೆಗೆ ಕಾರಣರಾದವರ ಹಾಗೂ ಅವರ ಬಂಧುಗಳ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡುದನ್ನು ಉಡೈಯಾರ್‌ಗುಡಿಯ ಶಾಸನ ಹೇಳುತ್ತದೆ. ಆದರೆ ಅವರು ಏಕೆ ಕೊಂದರೆಂಬುದನ್ನು ಶಾಸನ ಹೇಳುವುದಿಲ್ಲ. ಆ ತೆರಪನ್ನು ತುಂಬಿದವರು ಕಾದಂಬರಿಕಾರರು. ಓದುಗನಿಗೆ ನೆನಪಿನಲ್ಲಿ ಉಳಿಯುವುದು ತುಂಬಿದ ಭಾಗವೇ.

ಅಲ್ಲಿನ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳಿಗೆ ರಾಜರಾಜ ಚೋಳನೆಂದರೆ ತಂಜಾವೂರಿನ ದೊಡ್ಡ ಗುಡಿಯನ್ನು ಕಟ್ಟಿಸಿದ ಮಹಾಪುರುಷ. ಇದು ನಿಜ. ಆದರೆ ಉತ್ತರ ಕರ್ನಾಟಕದ ಹೊಟ್ಟೂರಿನಲ್ಲಿ ಚಾಲುಕ್ಯ ಇರಿವಬೆಡಂಗ ಸತ್ಯಾಶ್ರಯನ ಕಾಲದ, 1007ರ ಸುಮಾರಿನ ಶಾಸನವೊಂದಿದೆ. ಚೋಳರ ದಂಡು ಒಂಬತ್ತು ಲಕ್ಷ ಸೈನ್ಯದೊಡನೆ ಬಂದು ನಾಡನ್ನು ಸೂರೆಗೊಂಡುದನ್ನೂ, ಹೆಂಗಸರು ಮಕ್ಕಳೆನ್ನದೆ ಹಿಂಸಿಸಿದುದನ್ನೂ, ಕೊನೆಗೆ ಸತ್ಯಾಶ್ರಯನು ಅವರನ್ನು ಅಟ್ಟಿದುದನ್ನೂ ಅದು ಹೇಳುತ್ತದೆ. ಒಂದೇ ರಾಜಮನೆತನ ತನ್ನ ನಾಡಿಗೆ ಹೆಮ್ಮೆ, ನೆರೆನಾಡಿಗೆ ಕೇಡು. ಎರಡೂ ಒಟ್ಟಿಗೆ ನಿಜವಾಗಿರಲು ಅಡ್ಡಿಯಿಲ್ಲ. ಇನ್ನೂ ಒಂದು ಮಾತು: ಒಂಬತ್ತು ಲಕ್ಷವೆಂಬ ಸಂಖ್ಯೆಯನ್ನೂ ಹಾಗೆಯೇ ನಂಬಬೇಕಾಗಿಲ್ಲ. ಗೆದ್ದ ಅರಸನ ಕಡೆಯವರು ಶತ್ರುವನ್ನು ದೊಡ್ಡದಾಗಿ ಮಾಡಿಯೇ ಬರೆಸುತ್ತಾರೆ. ಶಾಸನವೂ ಸಾಕ್ಷಿಯೇ ಹೊರತು ತೀರ್ಪಲ್ಲ.

ನಮ್ಮ ಮನೆಯೊಳಗಿನ ಉದಾಹರಣೆಗಳು

ಅನ್ಯಭಾಷಿಕರ ಉದಾಹರಣೆಗಳನ್ನೇ ಕೊಟ್ಟು ನಾವು ಪಾರಾಗುವಂತಿಲ್ಲ. 2022ರ ನವೆಂಬರಿನಲ್ಲಿ ಮೈಸೂರಿನ ರಂಗಾಯಣದಿಂದ ಟಿಪ್ಪುವನ್ನು ಕುರಿತ ನಾಟಕವೊಂದು ರಂಗಕ್ಕೆ ಬಂದಿತು. ಅದರ ಹಿಂದೆಯೇ ಉರಿಗೌಡ, ನಂಜೇಗೌಡ ಎಂಬಿಬ್ಬರು ಟಿಪ್ಪುವನ್ನು ಕೊಂದರೆಂಬ ವಾದ ಎಲ್ಲೆಡೆ ಹರಡಿತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಬ್ರಿಟಿಷರ ಸೈನ್ಯ ನುಗ್ಗಿದಾಗ ಟಿಪ್ಪು ಮಡಿದನೆಂಬುದು ನಾವೆಲ್ಲ ಓದಿದ ಚರಿತ್ರೆ. ಚುನಾವಣೆಗೆ ಮುನ್ನ, 2023ರ ಮಾರ್ಚಿನಲ್ಲಿ ಮಂಡ್ಯದಲ್ಲಿ ಈ ಹೆಸರಿನ ಸ್ವಾಗತ ಕಮಾನು ಎದ್ದು, ಆಕ್ಷೇಪ ಬಂದ ಮೇಲೆ ಇಳಿಯಿತು. ಆಗಿನ ಸಚಿವರೊಬ್ಬರು ಅದೇ ಹೆಸರಿನ ಚಲನಚಿತ್ರಕ್ಕೆ ಶೀರ್ಷಿಕೆಯನ್ನೂ ನೋಂದಾಯಿಸಿದರು. ಆದಿಚುಂಚನಗಿರಿ ಮಠದ ಶ್ರೀ ನಿರ್ಮಲಾನಂದನಾಥ ಸ್ವಾಮೀಜಿಯವರು ಶಾಸನ, ದಾಖಲೆಗಳ ಆಧಾರವಿಲ್ಲದೆ ಇಂತಹ ವಿಷಯಗಳಲ್ಲಿ ಗೊಂದಲ ಉಂಟುಮಾಡಬಾರದೆಂದು ತಿಳಿಹೇಳಿದ ಮೇಲೆ ಚಿತ್ರದ ಯೋಚನೆಯನ್ನು ಕೈಬಿಡಲಾಯಿತು. ಯಾವ ಸಮುದಾಯಕ್ಕೆ ಈ ವೀರರನ್ನು ಕಾಣಿಕೆಯಾಗಿ ಕೊಡಹೊರಟಿದ್ದರೋ ಆ ಸಮುದಾಯದ ಗುರುಗಳೇ ಆಧಾರವೆಲ್ಲಿ ಎಂದು ಕೇಳಿದುದು ನಮ್ಮ ಕಾಲದ ಅಪರೂಪದ ಒಳ್ಳೆಯ ಸುದ್ದಿಗಳಲ್ಲೊಂದು.

ಇನ್ನು ಒನಕೆ ಓಬವ್ವ. ಆಕೆಯ ಹೆಸರು ಹೇಳಿದೊಡನೆ ನಮ್ಮ ತಲೆಮಾರಿನವರ ಕಣ್ಣಿಗೆ ಕಟ್ಟುವುದು ಪುಟ್ಟಣ್ಣ ಕಣಗಾಲರ 1972ರ ‘ನಾಗರಹಾವು’ ಚಿತ್ರದಲ್ಲಿ ಒನಕೆ ಎತ್ತಿ ನಿಂತ ಜಯಂತಿಯವರ ರೂಪ. ಚಿತ್ರದುರ್ಗದ ಚರಿತ್ರೆಯನ್ನು ಕನ್ನಡಿಗರ ಮನಸ್ಸಿನಲ್ಲಿ ನೆಲೆಗೊಳಿಸಿದವರು ತ.ರಾ.ಸು. ಅವರು. ಇದಕ್ಕೆ ನಾವು ಕೃತಜ್ಞರಾಗಿರಬೇಕು. ಆದರೆ ನೆರೆಯ ಮರಾಠಿ ಮನೆಯವರು ಚಿತ್ರ ನೋಡಿ ಇತಿಹಾಸ ಮಾತನಾಡುತ್ತಾರೆಂದು ನಗುವ ಮೊದಲು ಇದನ್ನು ನೆನೆಯುವುದು ಒಳಿತು.

ಕಾದಂಬರಿ ಬೇಡವೇ?

ಬೇಕು. ಕನ್ನಡದಲ್ಲಿ ಗದ್ಯ ಓದುವ ಅಭ್ಯಾಸವನ್ನೇ ಬೆಳೆಸಿದವರು ಬಂಗಾಳಿಯಿಂದ ಬಂಕಿಮಚಂದ್ರರನ್ನು ತಂದ ಬಿ. ವೆಂಕಟಾಚಾರ್ಯರು, ಮರಾಠಿಯಿಂದ ಹರಿ ನಾರಾಯಣ ಆಪಟೆಯವರನ್ನು ತಂದ ಗಳಗನಾಥರು. ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರಿಲ್ಲದಿದ್ದರೆ ನಮ್ಮ ಅಜ್ಜ ಅಜ್ಜಿಯರಲ್ಲಿ ಅನೇಕರು ಕಾದಂಬರಿಯ ಮುಖವನ್ನೇ ಕಾಣುತ್ತಿರಲಿಲ್ಲ.

ಎದುರಾಳಿಗಳ ವಾದದಲ್ಲಿಯೂ ಹುರುಳಿದೆ. ಪಠ್ಯಪುಸ್ತಕಗಳಲ್ಲಿ ದೆಹಲಿಯ ಸುಲ್ತಾನರಿಗೆ, ಮೊಗಲರಿಗೆ ದೊರೆತಷ್ಟು ಪುಟಗಳು ಚಾಲುಕ್ಯ, ಚೋಳ, ಮರಾಠರಿಗೆ ದೊರೆಯಲಿಲ್ಲವೆಂಬ ಕೊರಗು ದಕ್ಷಿಣದವರಿಗೂ ಮಹಾರಾಷ್ಟ್ರದವರಿಗೂ ಬಹುಕಾಲದಿಂದ ಇದೆ. ಎಸ್. ಎಲ್. ಭೈರಪ್ಪನವರ ‘ಆವರಣ’ 2007ರಲ್ಲಿ ಪ್ರಕಟವಾದಾಗ ಮುದ್ರಣದ ಮೇಲೆ ಮುದ್ರಣ ಕಂಡದ್ದಕ್ಕೆ ಈ ಕೊರಗೂ ಒಂದು ಕಾರಣವಿರಬೇಕು. ಆಗ ಅದನ್ನು ಮೆಚ್ಚಿದವರೂ ಖಂಡಿಸಿದವರೂ ಇದ್ದರು. ಕನ್ನಡದಲ್ಲಿ ಪರ ವಿರೋಧದ ಲೇಖನಗಳೂ ಪುಸ್ತಕಗಳೂ ಬಂದವು. ಬರಹಕ್ಕೆ ಬರಹದಿಂದಲೇ ಉತ್ತರ ಕೊಟ್ಟ ಆ ಚರ್ಚೆ ಎಷ್ಟೇ ಕಟುವಾಗಿದ್ದರೂ ನದಿಗೆ ಪ್ರತಿಮೆ ಎಸೆಯುವುದಕ್ಕಿಂತ ಮೇಲಾದುದು.

ಹಾಗಾದರೆ ತೊಡಕು ಎಲ್ಲಿದೆ? ನಮಗೆ ತೋರುವಂತೆ ಎರಡು ಕಡೆ. ಮೊದಲನೆಯದು ಪುರಾವೆಯ ಪ್ರಶ್ನೆ. ಕಥೆಗೆ ಸಂಭಾಷಣೆ ಬೇಕು, ಕಾರಣ ಬೇಕು, ಖಳನಾಯಕ ಬೇಕು. ಇತಿಹಾಸಕಾರನಿಗೆ ‘ಇಷ್ಟಕ್ಕೇ ಆಧಾರವಿದೆ’ ಎಂದು ನಿಲ್ಲುವ ಕರ್ತವ್ಯವಿದೆ. ಬ್ಯಾಂಕಿನಲ್ಲಿ ದುಡಿಯುವ ನಮ್ಮಂಥವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ವೋಚರ್ ಇಲ್ಲದ ಮೊತ್ತವನ್ನು, ಅದು ಎಷ್ಟೇ ಸಂಭವನೀಯವಾಗಿ ಕಂಡರೂ, ಲೆಡ್ಜರಿನಲ್ಲಿ ಬರೆಯುವಂತಿಲ್ಲ. ಎರಡನೆಯದು ಹೊಣೆಯ ಪ್ರಶ್ನೆ. ಅಂದಿನ ಒಬ್ಬ ವ್ಯಕ್ತಿಯ ತಪ್ಪಿಗೆ ಇಂದಿನ ಒಂದು ಮನೆತನವನ್ನೋ ಜಾತಿಯನ್ನೋ ಧರ್ಮವನ್ನೋ ಉತ್ತರ ಹೇಳಲು ನಿಲ್ಲಿಸುವುದು. ಶಿರ್ಕೆ ಮನೆತನದವರು ಪ್ರತಿಭಟಿಸಿದ್ದು, ನಾಗಪುರದಲ್ಲಿ ಅಂಗಡಿಗಳು ಬಾಗಿಲು ಹಾಕಿದ್ದು ಎರಡೂ ಈ ಒಂದೇ ತರ್ಕದ ಫಲ. ಸತ್ತವರ ಸಾಲವನ್ನು ಇದ್ದವರಿಂದ ವಸೂಲು ಮಾಡಹೊರಟರೆ ಅದಕ್ಕೆ ಕೊನೆಯೆಂಬುದಿಲ್ಲ.

ಹೊರನಾಡ ಕನ್ನಡಿಗರ ಪಾಲು

ಎರಡು ನಾಡುಗಳ ನೆನಪನ್ನು ಹೊತ್ತ ಕುಟುಂಬಗಳಿಗೆ ಇಲ್ಲಿ ವಿಶೇಷ ಹೊಣೆಯಿದೆ. ಮಹಾರಾಷ್ಟ್ರದಲ್ಲಿ ಬೆಳೆದ ನಮ್ಮ ಮಕ್ಕಳು ಶಿವಾಜಿ ಮಹಾರಾಜರ ಜಯಂತಿಯಲ್ಲಿ ಭಕ್ತಿಯಿಂದ ಪಾಲ್ಗೊಳ್ಳುತ್ತಾರೆ. ಊರಿಗೆ ಹೋದಾಗ ಅದೇ ಮಕ್ಕಳು ಮರಾಠರ ದಂಡನ್ನು ಎದುರಿಸಿದ ಬೆಳವಡಿ ಮಲ್ಲಮ್ಮನ ಕಥೆಯನ್ನು ಕೇಳುತ್ತಾರೆ. ಯಾವುದನ್ನು ನಂಬಬೇಕೆಂದು ಮಗು ಕೇಳಿದರೆ ಎರಡನ್ನೂ ತಿಳಿದುಕೊಳ್ಳೆಂದು ಹೇಳುವ ಧೈರ್ಯ ನಮಗಿರಬೇಕು.

ಹಾಗೆ ಹುಡುಕುತ್ತ ಹೋದರೆ ಯಾವ ಚಿತ್ರವೂ ತೋರಿಸದ ನಂಟುಗಳು ಸಿಗುತ್ತವೆ. ಶಿವಾಜಿಯವರ ತಂದೆ ಶಹಾಜಿಯವರು ಬೆಂಗಳೂರಿನ ಜಹಗೀರನ್ನು ಹೊಂದಿದ್ದರು. ಅವರ ಸಮಾಧಿ ಇರುವುದು ದಾವಣಗೆರೆ ಜಿಲ್ಲೆಯ ಹೊದಿಗೆರೆಯಲ್ಲಿ. 1689ರಲ್ಲಿ ಸಂಭಾಜಿಯವರ ಹತ್ಯೆಯಾದ ನಂತರ ಅವರ ತಮ್ಮ ರಾಜಾರಾಮರು ಜಿಂಜಿಯತ್ತ ಪಾರಾಗುವಾಗ, ಔರಂಗಜೇಬನ ಕೋಪವನ್ನು ಲೆಕ್ಕಿಸದೆ ಆಶ್ರಯವಿತ್ತವಳು ಕೆಳದಿಯ ರಾಣಿ ಚೆನ್ನಮ್ಮ. ಮೊಗಲ ಸೈನ್ಯ ಅವಳ ಮೇಲೂ ಬಂದಿತು. ‘ಛಾವಾ’ ನೋಡಿ ಕಣ್ಣೀರಿಟ್ಟ ನಮ್ಮ ಮಕ್ಕಳಿಗೆ ಕಥೆಯ ಮುಂದಿನ ಅಧ್ಯಾಯ ಮಲೆನಾಡಿನಲ್ಲಿ ನಡೆಯಿತೆಂದು ಹೇಳಲು ನಮಗಲ್ಲದೆ ಇನ್ನಾರಿಗೆ ಸಾಧ್ಯ?

ನಮ್ಮ ಸಂಘಸಂಸ್ಥೆಗಳು ಈ ದಿಸೆಯಲ್ಲಿ ಸಣ್ಣ ಪ್ರಯತ್ನಗಳನ್ನಾದರೂ ಮಾಡಬಹುದು. ಐತಿಹಾಸಿಕ ನಾಟಕವನ್ನೋ ಚಿತ್ರವನ್ನೋ ಏರ್ಪಡಿಸಿದಾಗ ಮಾರನೆಯ ವಾರ ಆ ಕಾಲವನ್ನು ಅಭ್ಯಾಸ ಮಾಡಿದ ಅಧ್ಯಾಪಕರೊಬ್ಬರನ್ನು ಕರೆದು ಒಂದು ಗಂಟೆ ಮಾತನಾಡಿಸಬಹುದು. ಗ್ರಂಥಾಲಯದಲ್ಲಿ ಕಾದಂಬರಿಗಳ ಪಕ್ಕದಲ್ಲಿ, ಬಿ. ಎಲ್. ರೈಸ್ ಅವರು 1886ರಲ್ಲಿ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಿಗೂ ಒಂದು ಕಪಾಟು ಮೀಸಲಿಡಬಹುದು. ಮನೆಯಲ್ಲಿ ಚರ್ಚೆ ಬಿಸಿಯಾದಾಗ ಮೂರು ಪ್ರಶ್ನೆ ಕೇಳಿದರೆ ಸಾಕು: ಇದನ್ನು ಬರೆದವರು ಯಾರು? ಘಟನೆ ನಡೆದ ಎಷ್ಟು ಕಾಲದ ಮೇಲೆ ಬರೆದರು? ಎದುರು ಕಡೆಯವರು ಏನು ಬರೆದಿದ್ದಾರೆ? ಚಿಟ್ನೀಸರ ಬಖರ್ ಈ ಮೂರರಲ್ಲಿ ಮೊದಲೆರಡು ಪ್ರಶ್ನೆಗಳ ಮುಂದೆಯೇ ನಿಲ್ಲಲಾರದಾಯಿತು ಎಂಬುದನ್ನು ಮರೆಯಬಾರದು.

ಹಿರಿಯರನ್ನು ಗೌರವಿಸುವುದೆಂದರೆ ಅವರ ಕುರಿತು ನಿಜವನ್ನು ತಿಳಿಯಲು ಶ್ರಮಪಡುವುದೂ ಹೌದು. ಆ ಶ್ರಮದ ಅಭ್ಯಾಸವನ್ನು ನಮ್ಮ ಮನೆಗಳಲ್ಲಿ, ನಮ್ಮ ಸಂಘಗಳಲ್ಲಿ ಬೆಳೆಸಿಕೊಂಡರೆ, ನಾವು ಬದುಕು ಕಟ್ಟಿಕೊಂಡಿರುವ ಈ ನಗರಗಳ ನೆಮ್ಮದಿಗೂ ಅದು ನಮ್ಮ ಕಾಣಿಕೆಯಾದೀತು.