ಸರ್ಕಾರಿ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದರೆ ಕೆಲಸ ಗ್ಯಾರಂಟಿಯೇ?

ಮಡಿವಾಳದ ಕರೆಂಟ್ ಕಂಬಗಳ ಮೇಲೆ ‘ಕೋರ್ಸ್ ಮುಗಿಸಿ, ಕೆಲಸ ಪಡೆಯಿರಿ’ ಎಂಬ ಚೀಟಿಗಳು ಅಂಟಿಕೊಂಡಿರುತ್ತವೆ. ಅಂಥದ್ದೇ ಇನ್ನೊಂದು ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತದೆ: ‘ಸರ್ಕಾರಿ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ ಸಾಕು. ಯಾವ ತರಬೇತಿ ಬೇಕು, ಕೆಲಸ ಎಲ್ಲಿದೆ ಎಲ್ಲವನ್ನೂ ಅವರೇ ಹೇಳುತ್ತಾರೆ.’ ಮೊದಲನೆಯದನ್ನು ನಂಬಿದರೆ ಫೀಸು ಹೋಗಬಹುದು, ಎರಡನೆಯದನ್ನು ನಂಬಿ ಕೂತರೆ ವರ್ಷ ಹೋಗಬಹುದು. ನಿಜ ಏನೆಂದು ನೋಡೋಣ.

ಒಂದೇ ಕೆಲಸ, ಹಲವು ಕಡತ

ಎಲೆಕ್ಟ್ರಿಷಿಯನ್ ಕೆಲಸವನ್ನೇ ತೆಗೆದುಕೊಳ್ಳಿ. ಅದನ್ನು ಎರಡು ವರ್ಷ ಕಲಿಸುವುದು ಐಟಿಐ. ಅದೇ ಕ್ಷೇತ್ರದ ಅಲ್ಪಾವಧಿ ತರಬೇತಿ ಕೌಶಲ್ಯ ಯೋಜನೆಗಳಲ್ಲಿದೆ. ಎಲ್ಲಿ ಎಷ್ಟು ಜಾಗ ಖಾಲಿ ಇವೆ ಎಂಬ ಲೆಕ್ಕ ಉದ್ಯೋಗ ವಿನಿಮಯ ಕೇಂದ್ರಕ್ಕೆ ಬರಬೇಕು. ಎಸ್‌ಎಸ್‌ಎಲ್‌ಸಿ ಮುಗಿಸಿದ ಮಗುವಿಗೆ ದಾರಿ ತೋರಿಸಬೇಕಾದ್ದು ಶಾಲೆ. ಈ ನಾಲ್ಕೂ ಕಡೆಯ ಮಾಹಿತಿ ಒಂದೆಡೆ ಸೇರದಿದ್ದರೆ, ಕೆಲಸ ಇರುವ ಕಡೆ ತರಬೇತಿ ಇರುವುದಿಲ್ಲ, ತರಬೇತಿ ಪಡೆದವರಿಗೆ ಕೆಲಸ ಇರುವುದಿಲ್ಲ. ತಪ್ಪು ಕೋರ್ಸಿಗೆ ಹೋದ ಎರಡು ವರ್ಷವನ್ನು ಯಾರೂ ವಾಪಸ್ ಕೊಡುವುದಿಲ್ಲ.

ಕೊಂಡಿ ಒಂದು ಸಂಖ್ಯೆಯಲ್ಲಿದೆ

ಇಲಾಖೆಗಳು ಮಾಹಿತಿ ಹಂಚಿಕೊಳ್ಳಬೇಕಾದರೆ ಮೊದಲು ಕೆಲಸವನ್ನು ಒಂದೇ ಹೆಸರಿನಿಂದ ಕರೆಯಬೇಕು. ‘ವೈರ್‌ಮನ್’, ‘ಎಲೆಕ್ಟ್ರಿಷಿಯನ್’, ‘ಟೆಕ್ನಿಷಿಯನ್’ ಎಂದು ಒಬ್ಬೊಬ್ಬರು ಒಂದೊಂದು ಬರೆದುಕೊಂಡರೆ ಲೆಕ್ಕ ಕೂಡುವುದಿಲ್ಲ. ಇದಕ್ಕಾಗಿಯೇ ಕೇಂದ್ರ ಕಾರ್ಮಿಕ ಸಚಿವಾಲಯದ ‘ರಾಷ್ಟ್ರೀಯ ವೃತ್ತಿ ವರ್ಗೀಕರಣ’ ಇದೆ. 2015ರ ಆವೃತ್ತಿಯಲ್ಲಿ ಸುಮಾರು 3,600 ವೃತ್ತಿಗಳಿದ್ದು, ಪ್ರತಿಯೊಂದಕ್ಕೂ 8 ಅಂಕಿಯ ಸಂಖ್ಯೆ ಇದೆ. ಮೊದಲ ನಾಲ್ಕು ಅಂಕಿ ಅಂತರರಾಷ್ಟ್ರೀಯ ವರ್ಗೀಕರಣಕ್ಕೆ ಹೊಂದುತ್ತವೆ. ಉದಾಹರಣೆಗೆ, 7411 ಎಂದರೆ ಕಟ್ಟಡಗಳ ಎಲೆಕ್ಟ್ರಿಷಿಯನ್‌ಗಳ ಗುಂಪು.

ಅಮೆರಿಕ ಈ ಸಮಸ್ಯೆಗೆ 1976ರಲ್ಲೇ ಕಾನೂನು ಮಾಡಿತು. ಶಿಕ್ಷಣ ಮತ್ತು ಕಾರ್ಮಿಕ ಇಲಾಖೆಗಳು ವೃತ್ತಿ ಮಾಹಿತಿ ಹಂಚಿಕೊಳ್ಳಲೆಂದು ರಾಷ್ಟ್ರೀಯ ಸಮಿತಿಯನ್ನೂ ರಾಜ್ಯಕ್ಕೊಂದು ಸಮಿತಿಯನ್ನೂ ರಚಿಸಿತು. ಇಂದು ಅಲ್ಲಿ ಯಾವ ಕೆಲಸಕ್ಕೆ ಏನು ಕಲಿಯಬೇಕು ಎಂಬುದನ್ನು ‘ಒ-ನೆಟ್’ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ನಮ್ಮಲ್ಲಿ ಏನಾಗಿದೆ?

ಕರ್ನಾಟಕದಲ್ಲಿ 2016ರಲ್ಲಿ ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆ ಹುಟ್ಟಿತು. ಐಟಿಐ ಮತ್ತು ಉದ್ಯೋಗ ವಿನಿಮಯ ಕೇಂದ್ರಗಳು ಅದರಡಿ ಬಂದವು. ಇದರ ಕೌಶಲ್ಯ ಭವನ ಮಡಿವಾಳದಿಂದ ದೂರವೇನಿಲ್ಲ, ಡೇರಿ ಸರ್ಕಲ್ ಬಳಿಯೇ ಇದೆ. ಕೆಲಸ ಹುಡುಕುವವರಿಗೂ ಕೊಡುವವರಿಗೂ ರಾಜ್ಯದ ‘ಸ್ಕಿಲ್ ಕನೆಕ್ಟ್’ ಪೋರ್ಟಲ್ ಇದೆ. ಕೇಂದ್ರದ ‘ನ್ಯಾಷನಲ್ ಕರಿಯರ್ ಸರ್ವಿಸ್’ (ಎನ್‌ಸಿಎಸ್) 2015ರಲ್ಲಿ ಆರಂಭವಾಯಿತು.

ಮಾಹಿತಿ ಹಂಚಿಕೆ ಸಾಧ್ಯ ಎನ್ನುವುದಕ್ಕೆ ಯುವನಿಧಿಯೇ ಸಾಕ್ಷಿ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುವ ಈ ಯೋಜನೆಗೆ ಅರ್ಜಿ ಹಾಕುವುದು ಸೇವಾ ಸಿಂಧುವಿನಲ್ಲಿ. ಪದವಿಯ ವಿವರವನ್ನು ವಿಶ್ವವಿದ್ಯಾಲಯಗಳು ತುಂಬಿದ ಡಿಜಿಟಲ್ ದಾಖಲೆಯಿಂದ ತಾಳೆ ನೋಡಲಾಗುತ್ತದೆ. ಕೆಲಸ ಇಲ್ಲದವರ ವಿವರವನ್ನು ಹೀಗೆ ಕೂಡಿಸಬಹುದಾದರೆ, ಕೆಲಸ ಇರುವ ಕಡೆಯ ವಿವರವನ್ನೂ ಕೂಡಿಸಬಹುದು.

ಆದರೆ ಅಲ್ಲೊಂದು ತೊಡಕಿದೆ. 25 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಗಳನ್ನು ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂದು 1959ರ ಕಾಯ್ದೆ ಹೇಳಿತ್ತು. ಆ ಕೇಂದ್ರ ಕಳಿಸಿದವರನ್ನೇ ತೆಗೆದುಕೊಳ್ಳಬೇಕೆಂದು ಹೇಳಿರಲಿಲ್ಲ. ಸಣ್ಣ ಅಂಗಡಿ, ಗ್ಯಾರೇಜು, ಮನೆಗೆಲಸ ಇದರ ಲೆಕ್ಕಕ್ಕೇ ಬರುತ್ತಿರಲಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆ ಈ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡು, ಕೇಂದ್ರಗಳನ್ನು ‘ವೃತ್ತಿ ಕೇಂದ್ರ’ ಎಂದು ಕರೆದಿದೆ.

ಫೀಸು ಕಟ್ಟುವ ಮೊದಲು

* ಕೋರ್ಸಿನ ಹೆಸರು ‘ರಾಷ್ಟ್ರೀಯ ಅರ್ಹತಾ ರಿಜಿಸ್ಟರ್’ನಲ್ಲಿ ಇದೆಯೇ ನೋಡಿ. ಅಲ್ಲಿ ಕೋರ್ಸಿನ ಮಟ್ಟ, ಅವಧಿ, ವೃತ್ತಿ ಸಂಖ್ಯೆ ಸಿಗುತ್ತವೆ.
* ಅದೇ ಕೆಲಸದ ಹೆಸರನ್ನು ಎನ್‌ಸಿಎಸ್ ಮತ್ತು ಸ್ಕಿಲ್ ಕನೆಕ್ಟ್‌ನಲ್ಲಿ ಹುಡುಕಿ. ಬೆಂಗಳೂರಿನಲ್ಲಿ ಎಷ್ಟು ಜಾಗವಿದೆ, ಸಂಬಳ ಎಷ್ಟು ಬರೆದಿದ್ದಾರೆ ನೋಡಿ.
* ಎನ್‌ಸಿಎಸ್‌ನಲ್ಲಿ ನೋಂದಣಿ ಉಚಿತ. ಅದರ ಹೆಸರಲ್ಲಿ ಯಾರಾದರೂ ದುಡ್ಡು ಕೇಳಿದರೆ ಅದು ಮೋಸ. ಲಿಂಕ್ ‘ಗವ್ ಡಾಟ್ ಇನ್’ ಎಂದು ಮುಗಿಯಬೇಕು.
* ‘ಗ್ಯಾರಂಟಿ’ ಎನ್ನುವ ಸಂಸ್ಥೆಯನ್ನು, ಹಿಂದಿನ ಬ್ಯಾಚಿನವರು ಎಲ್ಲಿ ಕೆಲಸದಲ್ಲಿದ್ದಾರೆ ಎಂದು ಕೇಳಿ. ಸಾಧ್ಯವಾದರೆ ಅವರಲ್ಲಿ ಒಬ್ಬಿಬ್ಬರ ಜೊತೆ ಮಾತಾಡಿ.

ಕೊನೆಯ ಮಾತು

ಪೋರ್ಟಲ್‌ನಲ್ಲಿ ನೋಂದಾಯಿಸಿದರೆ ಕೆಲಸ ಗ್ಯಾರಂಟಿ ಎಂಬುದು ತಪ್ಪು. ಅದರಿಂದ ಉಪಯೋಗವೇ ಇಲ್ಲ ಎಂಬುದೂ ತಪ್ಪು. ನೋಂದಣಿಯಿಂದ ಸಿಗುವುದು ಮಾಹಿತಿ, ಮತ್ತು ಆ ಮಾಹಿತಿ ಸಂಸ್ಥೆಗಳು ತುಂಬಿದಷ್ಟು ಮಾತ್ರ ಚೆನ್ನಾಗಿರುತ್ತದೆ. ಇಲಾಖೆಗಳ ಕಡತಗಳು ಪೂರ್ತಿ ಒಂದಾಗುವವರೆಗೆ ಆ ತಾಳೆ ನೋಡುವ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು. ಮುಂದಿನ ಸಲ ‘ಕೆಲಸ ಗ್ಯಾರಂಟಿ’ ಮೆಸೇಜ್ ಬಂದರೆ, ಅದರ ಬದಲು ಮೇಲಿನ ನಾಲ್ಕು ಸಾಲನ್ನು ಫಾರ್ವರ್ಡ್ ಮಾಡಿ.