ಒಲ್ಲದ ಒಡಲು, ಒಲಿದ ದಾನ

ಶರಣುಬಂದ ಪಾರಿವಾಳವನ್ನು ಉಳಿಸಲೆಂದು ತೊಡೆಯ ಮಾಂಸವನ್ನೇ ಕೊಯ್ದು ತೂಗಿಕೊಟ್ಟ ಶಿಬಿ ಚಕ್ರವರ್ತಿಯ ಕಥೆಯನ್ನು ಕೇಳದವರು ವಿರಳ. ಆ ಮಾಂಸವು ಗಿಡುಗನಿಗೆ ಒಗ್ಗೀತೇ ಎಂದು ಪುರಾಣದಲ್ಲಿ ಯಾರೂ ಕೇಳಲಿಲ್ಲ. ಈ ಕಾಲದ ದಾನಿಯ ಹಾದಿ ಅಷ್ಟು ಸುಗಮವಲ್ಲ. ತನ್ನ ಎರಡು ಮೂತ್ರಪಿಂಡಗಳಲ್ಲಿ ಒಂದನ್ನು ಮಡದಿಗೆ ಕೊಡುವೆನೆಂದು ಗಂಡನು ಮುಂದೆ ಬಂದರೂ, ಕೊಡುವ ಮನಸ್ಸು ಒಪ್ಪಿತು, ಪಡೆಯುವ ರಕ್ತ ಒಪ್ಪಲಿಲ್ಲ ಎಂದು ವೈದ್ಯರು ತಲೆಯಾಡಿಸುವುದುಂಟು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಈ ಪೂಜಾರಿ ಯಾರು? ರಕ್ತದಲ್ಲಿರುವ ಪ್ರತಿಕಾಯಗಳು. ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರು 1901ರಲ್ಲಿ ರಕ್ತದ ಗುಂಪುಗಳನ್ನು ಲೋಕಕ್ಕೆ ತಿಳಿಸಿಕೊಟ್ಟರು. ಎ ಗುಂಪಿನವರ ರಕ್ತದಲ್ಲಿ ಬಿ ಗುಂಪಿನ ಗುರುತಿನ ಮೇಲೆ ಹಾಯುವ ಪ್ರತಿಕಾಯಗಳು ಸಹಜವಾಗಿಯೇ ಇರುತ್ತವೆ. ಆ ಗುರುತು ಮೂತ್ರಪಿಂಡದ ರಕ್ತನಾಳಗಳ ಒಳಗೋಡೆಯಲ್ಲಿಯೂ ಉಂಟು. ಇದು ಮೊದಲನೆಯ ತಡೆ. ಎರಡನೆಯದು ಎಚ್‌ಎಲ್‌ಎ ಎಂಬ ಅಂಗಾಂಶದ ಗುರುತಿನದು. ಪರರ ರಕ್ತ ಪಡೆದವರಲ್ಲಿ, ಹಿಂದೊಮ್ಮೆ ಕಸಿ ಮಾಡಿಸಿಕೊಂಡವರಲ್ಲಿ, ಬಸುರಾದವರಲ್ಲಿ ಇದರ ವಿರುದ್ಧ ಪ್ರತಿಕಾಯಗಳು ಹುಟ್ಟಬಹುದು. ಎಂತಹ ವಿಪರ್ಯಾಸ! ಒಡಲಲ್ಲಿ ಒಂಬತ್ತು ತಿಂಗಳು ಹೊತ್ತ ಕೂಸಿನಲ್ಲಿದ್ದ ತಂದೆಯ ಗುರುತನ್ನು ತಾಯಿಯ ರಕ್ತ ನೆನಪಿಟ್ಟುಕೊಳ್ಳುತ್ತದೆ. ವರ್ಷಗಳ ಮೇಲೆ ಆಕೆಯ ಮೂತ್ರಪಿಂಡಗಳು ಕೆಟ್ಟಾಗ, ಗಂಡನ ಅಥವಾ ಮಗನ ಕೊಡುಗೆಯನ್ನು ಆ ನೆನಪೇ ತಳ್ಳಿಹಾಕಬಹುದು.

1954ರ ಡಿಸೆಂಬರ್ 23ರಂದು ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆ ಅವರು ಒಬ್ಬನ ಮೂತ್ರಪಿಂಡವನ್ನು ಅವನ ಅವಳಿ ಸಹೋದರನಿಗೆ ಕಸಿ ಮಾಡಿ ಯಶಸ್ಸು ಪಡೆದರು. ಒಂದೇ ಅಚ್ಚಿನ ಅವಳಿಗಳಾದ್ದರಿಂದ ಅಲ್ಲಿ ಹಗೆಯ ಪ್ರಶ್ನೆಯೇ ಏಳಲಿಲ್ಲ. ಹಗೆಯಿದ್ದಲ್ಲಿಯೂ ಕಸಿ ಮಾಡುವ ಸಾಹಸಕ್ಕೆ 1982ರಲ್ಲಿ ಬ್ರಸೆಲ್ಸ್‌ನ ಗೀ ಅಲೆಕ್ಸಾಂಡ್ರ್ ಅವರು ಕೈಹಾಕಿದರು. ರೋಗಿಯ ರಕ್ತದ ಪ್ಲಾಸ್ಮಾವನ್ನು ಬದಲಿಸಿ ಪ್ರತಿಕಾಯಗಳನ್ನು ತಗ್ಗಿಸುವುದು, ಗುಲ್ಮವನ್ನು ತೆಗೆದುಹಾಕುವುದು ಅವರ ಕ್ರಮ. ಮೃತರ ಅಂಗದಾನ ತೀರ ವಿರಳವಾಗಿದ್ದ ಜಪಾನಿನಲ್ಲಿ 1989ರಿಂದ ಈ ಮಾರ್ಗ ಬೆಳೆಯಿತು. ಈಗ ಗುಲ್ಮವನ್ನು ತೆಗೆಯುವ ಬದಲು ರಿಟುಕ್ಸಿಮ್ಯಾಬ್ ಎಂಬ ಔಷಧಿಯನ್ನು ಕೊಡುವುದೇ ರೂಢಿ.

ಇಷ್ಟು ಪಾಡುಪಟ್ಟು ಇರಿಸಿದ ಅಂಗ ಎಷ್ಟು ಕಾಲ ಬಾಳೀತು? ರಕ್ತದ ಗುಂಪು ಮಾತ್ರ ಹೊಂದದಿದ್ದಲ್ಲಿ ಮೊದಲ ಎರಡು ವಾರಗಳೇ ಗಂಡಾಂತರದವು. ಆ ಗಡಿ ದಾಟಿದ ಮೇಲೆ ಪ್ರತಿಕಾಯಗಳು ಮರಳಿ ಬಂದರೂ ಮೂತ್ರಪಿಂಡ ಅವುಗಳೊಡನೆ ಹೊಂದಿಕೊಂಡು ಬಾಳುವುದು ಒಂದು ಸೋಜಿಗ. ಎಚ್‌ಎಲ್‌ಎಯ ಹಗೆ ಮಾತ್ರ ಅಷ್ಟು ಸುಲಭವಾಗಿ ಶಮನವಾಗದು. ಅದು ಒಳಗೊಳಗೇ ಹೊಗೆಯಾಡಿ ವರ್ಷಗಳ ಮೇಲೆ ಅಂಗವನ್ನು ಕೆಡಿಸಬಹುದು. ಹೊಂದುವ ದಾನಿಯಿಂದ ಬಂದ ಮೂತ್ರಪಿಂಡದಷ್ಟು ಬಾಳಿಕೆ ಅಲ್ಲಿ ಸಾಮಾನ್ಯವಾಗಿ ದೊರೆಯದು.

ಆದರೆ ರೋಗಿಯ ಮುಂದಿರುವ ಪ್ರಶ್ನೆ ಒಳ್ಳೆಯ ಕಸಿಯೋ ಕೆಟ್ಟ ಕಸಿಯೋ ಎಂಬುದಲ್ಲ; ಈ ಕಸಿಯೋ ಅಥವಾ ಕಾಯುವುದೋ ಎಂಬುದು. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವೈದ್ಯರು 2011ರಲ್ಲಿ ಇಂತಹ 211 ಮಂದಿಯ ಲೆಕ್ಕವನ್ನು ಪ್ರಕಟಿಸಿದರು. ಎಂಟು ವರ್ಷಗಳ ಮೇಲೆ ಅವರಲ್ಲಿ ಬದುಕುಳಿದವರು ನೂರಕ್ಕೆ 80.6. ಅವರಂತೆಯೇ ಇದ್ದು, ಡಯಾಲಿಸಿಸ್‌ನಲ್ಲಿಯೇ ಉಳಿದವರಲ್ಲಿ ನೂರಕ್ಕೆ 30.5 ಮಾತ್ರ. ಅಮೆರಿಕೆಯ 22 ಕೇಂದ್ರಗಳ 1,025 ಮಂದಿಯನ್ನು ಕುರಿತು 2016ರಲ್ಲಿ ಬಂದ ವರದಿಯಲ್ಲಿ ಈ ಅಂಕೆಗಳು 76.5 ಮತ್ತು 43.9. ಆದರೆ 2017ರ ಬ್ರಿಟನ್ನಿನ ಲೆಕ್ಕ ಬೇರೆಯೇ ಮಾತನ್ನಾಡಿತು. ಅಲ್ಲಿ ಕಾದವರೂ ಬಹುಮಟ್ಟಿಗೆ ಅಷ್ಟೇ ಕಾಲ ಬದುಕಿದ್ದರು. ಕಾಯುವವರ ಸ್ಥಿತಿ ಒಂದೊಂದು ನಾಡಿನಲ್ಲಿ ಒಂದೊಂದು ಬಗೆ. ಆದಕಾರಣ ಒಂದು ದೇಶದ ತಕ್ಕಡಿಯಲ್ಲಿ ಇನ್ನೊಂದು ದೇಶದ ರೋಗಿಯನ್ನು ತೂಗಲಾಗದು. ಅದೂ ಅಲ್ಲದೆ, ರೋಗನಿರೋಧಕ ಶಕ್ತಿಯನ್ನು ಬಲವಾಗಿ ಅಡಗಿಸಿದಾಗ ಸೋಂಕಿನ ಭಯ ಹೆಚ್ಚುತ್ತದೆ.

ಆದುದರಿಂದ ಹಗೆಯನ್ನು ಗೆಲ್ಲುವುದಕ್ಕಿಂತ ಅದನ್ನು ಬಳಸಿಹೋಗುವುದು ಎಷ್ಟೋ ವೇಳೆ ಜಾಣತನ. ಒಂದು ಮನೆಯ ದಾನಿ ಮತ್ತೊಂದು ಮನೆಯ ರೋಗಿಗೆ, ಆ ಮನೆಯ ದಾನಿ ಈ ಮನೆಯ ರೋಗಿಗೆ ಮೂತ್ರಪಿಂಡವನ್ನು ಕೊಡುವ ಅದಲುಬದಲಿಗೆ ಭಾರತದ 1994ರ ಅಂಗಾಂಗ ಕಸಿ ಕಾಯಿದೆಯ 2011ರ ತಿದ್ದುಪಡಿ ದಾರಿ ತೆರೆದಿದೆ. ಅಂತಹ ಜೋಡಿ ದೊರೆಯದಿದ್ದಾಗ ಮಾತ್ರ ಉಳಿಯುವುದು ಈ ಕಠಿಣ ಹಾದಿ.

ಆ ಹಾದಿ ಹಿಡಿಯುವ ಮುನ್ನ ರೋಗಿಗೂ ದಾನಿಗೂ ಲಾಭದ ಲೆಕ್ಕದೊಡನೆ ನಷ್ಟದ ಲೆಕ್ಕವನ್ನೂ ಬಿಡಿಸಿ ಹೇಳುವುದು ವೈದ್ಯಧರ್ಮ. ಕೊಟ್ಟ ಮೇಲೆ ದಾನಿಯಲ್ಲಿ ಉಳಿಯುವುದೂ ಒಂದೇ ಮೂತ್ರಪಿಂಡ. ಎಲ್ಲವನ್ನೂ ಕೇಳಿ ತಿಳಿದ ಮೇಲೆಯೂ ಆತ "ಕೊಡುತ್ತೇನೆ" ಎಂದರೆ, ಆ ಮಾತಿನ ತೂಕ ಶಿಬಿಯ ತಕ್ಕಡಿಗೂ ಕಡಿಮೆಯದಲ್ಲ.