ಕೃತಕ ದಂತದ ಜೋಡಣೆ ಸಡಿಲಾದಾಗ

ಕಳೆದುಹೋದ ಹಲ್ಲಿನ ಜಾಗದಲ್ಲಿ ಟೈಟಾನಿಯಂ ಲೋಹದ ಬೇರನ್ನು ನೆಟ್ಟು, ಅದರ ಮೇಲೆ ಹೊಸ ಹಲ್ಲನ್ನು ನಿಲ್ಲಿಸುವ ಚಿಕಿತ್ಸೆ ಇಂದು ನಮ್ಮ ಮನೆಗಳಿಗೆ ಅಪರಿಚಿತವಾಗಿ ಉಳಿದಿಲ್ಲ. ಮಕ್ಕಳು ಹಣ ಹೊಂದಿಸಿ ತಂದೆತಾಯಿಗಳಿಗೆ ಇದನ್ನು ಮಾಡಿಸುತ್ತಿರುವುದು ಸಂತೋಷದ ಸಂಗತಿ. ಆದರೆ ಹೀಗೆ ಹಾಕಿಸಿಕೊಂಡ ಹಲ್ಲು ಕೆಲಕಾಲದ ಮೇಲೆ ಅಲುಗಾಡತೊಡಗಿದರೆ ಏನು ಮಾಡಬೇಕೆಂಬುದು ಬಹಳ ಮಂದಿಗೆ ತಿಳಿಯದು. ಮಾಡಿದ ಖರ್ಚೆಲ್ಲ ವ್ಯರ್ಥವಾಯಿತೆಂದು ಮರುಗುವವರುಂಟು. ಮಕ್ಕಳಿಗೆ ಹೇಳಲು ಸಂಕೋಚಪಟ್ಟು, ಇನ್ನೊಂದು ಬದಿಯಿಂದ ಅಗಿದು ದಿನ ನೂಕುವ ಹಿರಿಯರೂ ಉಂಟು. ಇವೆರಡೂ ಸಲ್ಲವು. ಆದ್ದರಿಂದ ಈ ತಿಂಗಳು ಇದೇ ವಿಷಯವನ್ನು ನಾವು ಎತ್ತಿಕೊಂಡಿದ್ದೇವೆ.

ಸ್ವೀಡನ್ ದೇಶದ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಅವರು 1952ರಲ್ಲಿ ಮೊಲದ ಎಲುಬಿನಲ್ಲಿ ಟೈಟಾನಿಯಂ ಬೆಸೆದುಕೊಳ್ಳುವುದನ್ನು ಗಮನಿಸಿದರು. 1965ರಲ್ಲಿ ಮೊದಲ ರೋಗಿಗೆ ಈ ಚಿಕಿತ್ಸೆಯನ್ನು ಮಾಡಿದರು. ಇದರಲ್ಲಿ ಸಾಮಾನ್ಯವಾಗಿ ಮೂರು ಅಂಗಗಳಿರುತ್ತವೆ. ಎಲುಬಿನೊಳಗೆ ಬೇರೂರುವುದು ಇಂಪ್ಲಾಂಟ್. ಅದರ ಮೇಲೆ ಒಸಡಿನಿಂದ ಹೊರಬಂದು ನಿಲ್ಲುವ ಗೂಟಕ್ಕೆ ಅಬಟ್‌ಮೆಂಟ್ ಎನ್ನುತ್ತಾರೆ. ಕಣ್ಣಿಗೆ ಕಾಣುವ ಹಲ್ಲು ಎಂದರೆ ಕ್ಯಾಪ್. ಗೂಟವನ್ನು ಬೇರಿಗೆ ಬಿಗಿಯುವುದು ಒಂದು ಸಣ್ಣ ತಿರುಪು. ಇಡೀ ಹಲ್ಲಿನ ಭದ್ರತೆ ಬಹುಮಟ್ಟಿಗೆ ಈ ತಿರುಪನ್ನು ಅವಲಂಬಿಸಿದೆ.

ವೈದ್ಯರು ಅಳತೆಯುಳ್ಳ ಕೀಲಿಯಿಂದ ತಿರುಪನ್ನು ಬಿಗಿದಾಗ ಅದು ಕೂದಲೆಳೆಗಿಂತ ಕಡಿಮೆ ಪ್ರಮಾಣದಲ್ಲಿ ಹಿಗ್ಗುತ್ತದೆ. ಹಿಗ್ಗಿದ್ದು ಸ್ಪ್ರಿಂಗಿನಂತೆ ಕುಗ್ಗಲು ಯತ್ನಿಸುವುದರಿಂದ ಎರಡು ಅಂಗಗಳೂ ಒಂದಕ್ಕೊಂದು ಒತ್ತಿ ನಿಲ್ಲುತ್ತವೆ. ಅನೇಕ ಜೋಡಣೆಗಳಿಗೆ 30ರಿಂದ 35 ನ್ಯೂಟನ್-ಸೆಂಟಿಮೀಟರ್ ಬಿಗಿತವನ್ನು ತಯಾರಕರು ಸೂಚಿಸುತ್ತಾರೆ. ಬಿಗಿತ ಕಡಿಮೆಯಾದರೆ ತಿರುಪು ಸಡಿಲಾದೀತು, ಅತಿಯಾದರೆ ಮುರಿದೀತು. ಲೋಹದ ಮೈಯಲ್ಲಿರುವ ಸೂಕ್ಷ್ಮ ಉಬ್ಬುತಗ್ಗುಗಳು ಒತ್ತಡಕ್ಕೆ ಚಪ್ಪಟೆಯಾಗಿ ಬಿಗಿತ ಸ್ವಲ್ಪ ಇಳಿಯುವುದೂ ಸಹಜ. ಅದಕ್ಕಾಗಿಯೇ ಸುಮಾರು 10 ನಿಮಿಷ ಬಿಟ್ಟು ಮತ್ತೊಮ್ಮೆ ಬಿಗಿಯುವ ರೂಢಿಯಿದೆ.

ಜೋಡಣೆಯ ರಚನೆಯೂ ಮುಖ್ಯ. ಮೊದಲಿನ ಇಂಪ್ಲಾಂಟ್‌ಗಳ ತಲೆಯ ಮೇಲೆ 0.7 ಮಿಲಿಮೀಟರ್ ಎತ್ತರದ ಆರು ಮೂಲೆಯ ದಿಂಡು ಇರುತ್ತಿತ್ತು. ಇಂಪ್ಲಾಂಟನ್ನು ಎಲುಬಿನೊಳಗೆ ತಿರುಗಿಸಲು ಅದನ್ನು ಮಾಡಿದ್ದರು. ಹಲವು ಇಂಪ್ಲಾಂಟ್‌ಗಳನ್ನು ಒಟ್ಟಿಗೆ ಬೆಸೆದಾಗ ಅದು ಸಾಕಾಗುತ್ತಿತ್ತು. ಒಂಟಿ ಹಲ್ಲಿಗೆ ಬಳಸತೊಡಗಿದ ಮೇಲೆ ಪಕ್ಕದ ಒತ್ತಡವೆಲ್ಲ ತಿರುಪಿನ ಮೇಲೆ ಬಿದ್ದು, ಸಡಿಲಾಗುವ ತೊಂದರೆ ಹೆಚ್ಚಿತು. ಅನಂತರ ಜೋಡಣೆಯನ್ನು ಇಂಪ್ಲಾಂಟಿನ ಒಳಕ್ಕೆ ಒಯ್ದರು. ಶಂಕುವಿನಾಕಾರದ ಒಳಜೋಡಣೆಯಲ್ಲಿ ಗೋಡೆಗಳೇ ಪರಸ್ಪರ ಬಿಗಿದು ಭಾರ ಹೊರುವುದರಿಂದ ತಿರುಪಿಗೆ ಆಯಾಸ ಕಡಿಮೆ. ಆದರೆ ಸಪೂರವಾದ ಇಂಪ್ಲಾಂಟಿನಲ್ಲಿ ಗೋಡೆ ತೆಳುವಾಗಿ ಬಿರುಕುಬಿಡುವ ಭಯವಿದೆ. ದೋಷವೇ ಇಲ್ಲದ ಜೋಡಣೆ ಯಾವುದೂ ಇಲ್ಲವೆಂಬುದನ್ನು ಅರಿತಿರಬೇಕು.

ಸ್ವಂತ ಹಲ್ಲಿನ ಬೇರಿನ ಸುತ್ತ ಮೆತ್ತೆಯಂತಹ ತಂತುಗಳಿರುತ್ತವೆ. ಗಟ್ಟಿ ಪದಾರ್ಥ ಸಿಕ್ಕೊಡನೆ ಅವು ಎಚ್ಚರಿಸುತ್ತವೆ. ಇಂಪ್ಲಾಂಟಿಗೆ ಈ ಮೆತ್ತೆಯಿಲ್ಲ. ಆದ್ದರಿಂದ ಅಡಿಕೆ ಕಡಿಯುವವರಲ್ಲಿ, ನಿದ್ರೆಯಲ್ಲಿ ಹಲ್ಲು ಮಸೆಯುವವರಲ್ಲಿ, ಹೆಚ್ಚಾಗಿ ದವಡೆಹಲ್ಲುಗಳಲ್ಲಿ ಜೋಡಣೆಗೆ ಪೆಟ್ಟು ಬೀಳುವುದುಂಟು.

ಹಲ್ಲು ಅಲುಗಿದ ಮಾತ್ರಕ್ಕೆ ಬೇರು ಹೋಯಿತೆಂದು ತಿಳಿಯಬೇಕಿಲ್ಲ. ಎಷ್ಟೋ ಸಲ ಬೇರು ಎಲುಬಿನಲ್ಲಿ ಭದ್ರವಾಗಿದ್ದು, ತಿರುಪು ಮಾತ್ರ ಸಡಿಲಾಗಿರುತ್ತದೆ. ಯಾವುದು ನಿಜವೆಂಬುದನ್ನು ವೈದ್ಯರು ಪರೀಕ್ಷಿಸಿ, ಎಕ್ಸ್-ರೇ ನೋಡಿಯೇ ಹೇಳಬೇಕು. ತಿರುಪು ಸಡಿಲಾಗಿದ್ದರೆ ಅದನ್ನು ಶುಚಿಗೊಳಿಸಿ ಬಿಗಿಯುವುದರಿಂದ ಅಥವಾ ಹೊಸದನ್ನು ಹಾಕುವುದರಿಂದ ಸಾಮಾನ್ಯವಾಗಿ ಸರಿಹೋಗುತ್ತದೆ. ಉದಾಸೀನ ಮಾಡಿದರೆ ಅಲುಗಾಡುವ ತಿರುಪು ಬಾಗಿ ಬಾಗಿ ತುಂಡಾಗುತ್ತದೆ. ಒಳಗೆ ಉಳಿದ ತುಂಡನ್ನು ತೆಗೆಯುವುದು ನಾಜೂಕಿನ ಕೆಲಸ. ಬಾರದಿದ್ದರೆ ಗಟ್ಟಿಯಾಗಿ ಬೇರೂರಿದ ಇಂಪ್ಲಾಂಟೂ ನಿರುಪಯೋಗಿಯಾದೀತು. ಸಡಿಲ ಸಂದಿಯಲ್ಲಿ ಸೂಕ್ಷ್ಮಜೀವಿಗಳು ಸೇರಿ ಒಸಡು ಬಾಯುವುದೂ, ಕಳಚಿದ ಹಲ್ಲು ಶ್ವಾಸನಾಳಕ್ಕೆ ಇಳಿಯುವ ಅಪಾಯವೂ ಉಂಟು.

ಆದ್ದರಿಂದ ಹಲ್ಲು ಅಲುಗಿದರೆ, ಟಕ್ಕೆಂದು ಸದ್ದಾದರೆ, ಬಾಯಿಯಲ್ಲಿ ಕೆಟ್ಟ ರುಚಿ ಬಂದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಅಲ್ಲಿಯವರೆಗೆ ಆ ಬದಿಯಿಂದ ಅಗಿಯಬೇಡಿರಿ, ಬೆರಳಿನಿಂದ ತಿರುವಬೇಡಿರಿ, ಮನೆಯ ಅಂಟು ಹಚ್ಚಬೇಡಿರಿ. ಇಂಪ್ಲಾಂಟಿನ ತಯಾರಕರು, ಮಾದರಿ, ಅಳತೆ ಬರೆದ ಚೀಟಿಯನ್ನು ಕೇಳಿ ಪಡೆದು ಜೋಪಾನವಾಗಿಡಿರಿ. ಒಬ್ಬರ ತಿರುಪು ಇನ್ನೊಬ್ಬರ ಇಂಪ್ಲಾಂಟಿಗೆ ಸರಿಯಾಗಿ ಹೊಂದದು. ಊರು ಬದಲಾದಾಗ ಆ ಚೀಟಿಯೇ ಆಧಾರ.

ಹಿರಿಯರಲ್ಲಿ ನಮ್ಮದೊಂದು ವಿನಂತಿ: ಸಂಕೋಚ ಬಿಟ್ಟು ಮಕ್ಕಳಿಗೆ ಹೇಳಿರಿ. ಮಕ್ಕಳೂ ಊಟದ ವೇಳೆ ತಂದೆತಾಯಿ ಯಾವ ಬದಿಯಿಂದ ಅಗಿಯುತ್ತಾರೆಂಬುದನ್ನು ಗಮನಿಸಲಿ. ಇಂದು ತಿರುಪು ಬಿಗಿಸಿದರೆ ಮುಗಿಯುವ ಕೆಲಸ, ತಡಮಾಡಿದರೆ ಇನ್ನೊಂದು ಶಸ್ತ್ರಚಿಕಿತ್ಸೆಯಾದೀತು.